ಎರಡು ಲಕ್ಷ ಕಿಲೋಮೀಟರ್ ಓಡಿದ ಪಿಕಪ್ ಕೊಳ್ಳುವ ಮುನ್ನ

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಮೀಟರಿನ ಮೇಲೆ. 2,30,000 ಎಂದಿದ್ದರೆ ಮುಖ ಸಪ್ಪಗಾಗುತ್ತದೆ, 80,000 ಎಂದಿದ್ದರೆ ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹೋಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಬಾಡಿಗೆಗೆ ಓಡುವ ಪಿಕಪ್ ದಿನಕ್ಕೆ 120 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೂ ವರ್ಷಕ್ಕೆ 36,000 ಕಿಲೋಮೀಟರ್ ಆಗುತ್ತದೆ, ಐದು ವರ್ಷಕ್ಕೆ 1,80,000. ಹೀಗಿರುವಾಗ ಆರು ವರ್ಷದ ಹಳದಿ ಬೋರ್ಡಿನ ಗಾಡಿಯೊಂದು 80,000 ತೋರಿಸುತ್ತಿದ್ದರೆ, ಅದು ಇಷ್ಟು ದಿನ ಎಲ್ಲಿ ಸುಮ್ಮನೆ ನಿಂತಿತ್ತು, ಅಥವಾ ಮೀಟರನ್ನು ಹಿಂದಕ್ಕೆ ತಿರುಗಿಸಿದವರು ಯಾರು ಎಂಬ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಗಲೇಬೇಕು. ಹಳೆಯ ಗಾಡಿಗಳಲ್ಲಿ ಮೀಟರ್ ಕೇಬಲ್ ಕಳಚಿಟ್ಟು ಓಡಿಸುತ್ತಿದ್ದರು. ಡಿಜಿಟಲ್ ಮೀಟರ್ ಬಂದ ಮೇಲೆ ಅದೇ ಕೆಲಸವನ್ನು ಲ್ಯಾಪ್‌ಟಾಪ್ ಮಾಡುತ್ತದೆ. ಆದ್ದರಿಂದ ಮೀಟರಿಗಿಂತ ಕ್ಲಚ್ ಪೆಡಲಿನ ರಬ್ಬರನ್ನು, ಸ್ಟೇರಿಂಗ್ ಮೇಲೆ ಬಲಗೈ ಇಡುವ ಜಾಗವನ್ನು, ಡ್ರೈವರ್ ಸೀಟಿನ ಬಲ ಅಂಚನ್ನು ನೋಡುವುದು ಮೇಲು. 80,000 ಓಡಿದ ಗಾಡಿಯಲ್ಲಿ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುವುದಿಲ್ಲ. ರಬ್ಬರ್ ಮಾತ್ರ ಹೊಸದಾಗಿದ್ದು ಸೀಟು ಕುಸಿದಿದ್ದರೆ ಇನ್ನೂ ಅನುಮಾನ ಪಡಬೇಕು.

ಎರಡು ಲಕ್ಷ ಓಡಿದೆ ಎನ್ನುವ ಒಂದೇ ಕಾರಣಕ್ಕೆ ಗಾಡಿಯನ್ನು ಬಿಡಬೇಕಾಗಿಲ್ಲ ಎನ್ನುವುದು ನನ್ನ ಅನುಭವ. ಆ ಕಿಲೋಮೀಟರುಗಳು ಯಾವ ಸರಕು ಹೊತ್ತು, ಯಾವ ರಸ್ತೆಯಲ್ಲಿ, ಎಂಥ ಮಾಲೀಕನ ಕೈಯಲ್ಲಿ ಕಳೆದವು ಎಂಬುದೇ ಮುಖ್ಯ. ಹೀಗಾಗಿ ಬಾನೆಟ್ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ, ‘ಈ ಗಾಡಿ ಯಾವ ಲೈನಿನಲ್ಲಿ ಓಡುತ್ತಿತ್ತು?’ ಎಂಬುದು. ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಗಾಡಿಯ ಎಂಜಿನ್ ಎರಡು ಲಕ್ಷ ದಾಟಿಯೂ ಗಟ್ಟಿಯಾಗಿರಬಹುದು. ಬೆಂಗಳೂರಿನ ಓಣಿಗಳಲ್ಲಿ ನೀರಿನ ಕ್ಯಾನ್ ಹಂಚಿದ ಗಾಡಿ ಒಂದು ಲಕ್ಷ ಓಡುವಷ್ಟರಲ್ಲೇ ಕ್ಲಚ್, ಬ್ರೇಕ್ ಮತ್ತು ಸ್ಟಾರ್ಟರ್ ಮೋಟಾರನ್ನು ತಿಂದು ಹಾಕಿರುತ್ತದೆ. ಕ್ರಷರಿನಿಂದ ಜಲ್ಲಿ, ಎಂ-ಸ್ಯಾಂಡ್ ಹೊಡೆದ ಗಾಡಿಯಾದರೆ ಎಂಜಿನ್ನಿಗಿಂತ ಮೊದಲು ಚಾಸಿಯನ್ನು, ಅಂದರೆ ಗಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟನ್ನು, ನೋಡಬೇಕು. ಮಲ್ಪೆ, ಮಂಗಳೂರಿನ ಬಂದರಿನಿಂದ ಮೀನು ಸಾಗಿಸಿದ ಗಾಡಿಯ ಕಥೆಯೇ ಬೇರೆ. ಕ್ರೇಟುಗಳಿಂದ ಸೋರಿದ ಮಂಜುಗಡ್ಡೆಯ ಉಪ್ಪುನೀರು ವರ್ಷಗಟ್ಟಲೆ ಚಾಸಿಯ ಮೇಲೆ, ಬ್ರೇಕ್ ಪೈಪಿನ ಮೇಲೆ ಇಳಿದಿರುತ್ತದೆ, ಮೇಲೆ ಎಷ್ಟು ಬಣ್ಣ ಬಳಿದರೂ ಒಳಗೆ ಕಬ್ಬಿಣ ಪದರ ಪದರವಾಗಿ ಏಳುತ್ತಿರುತ್ತದೆ. ಮಾರುವವರು ‘ಬರೀ ತರಕಾರಿ ಸಾರ್’ ಎನ್ನುತ್ತಾರೆ. ಲೋಡ್ ಬಾಡಿಯ ಮೂಲೆಗಳಲ್ಲಿ ಸಿಮೆಂಟಿನ ಪುಡಿಯೋ, ಜಲ್ಲಿ ಕುಟ್ಟಿದ ತಗ್ಗುಗಳೋ, ಮೀನಿನ ವಾಸನೆಯೋ ನಿಜವನ್ನು ಹೇಳಿಬಿಡುತ್ತವೆ.

ಫೋನಿನಲ್ಲಿ ಮಾತಾಡುವಾಗಲೇ ಒಂದು ಷರತ್ತು ಹಾಕಿ: ನೀವು ಬರುವ ತನಕ ಗಾಡಿಯನ್ನು ಸ್ಟಾರ್ಟ್ ಮಾಡಬಾರದು. ಬೆಳಗ್ಗೆ ಏಳು ಗಂಟೆಗೆ ಹೋಗಿ, ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಆಗಲೇ ಸ್ಟಾರ್ಟ್ ಮಾಡಿ, ಹೊಗೆ ಹೋಗಲು ಬಿಟ್ಟು, ಆರಿಸಿ ಇಟ್ಟಿದ್ದಾರೆಂದು ಅರ್ಥ. ಸವೆದ ಡೀಸೆಲ್ ಎಂಜಿನ್ನಿನ ಬಣ್ಣ ಬಯಲಾಗುವುದು ತಣ್ಣಗಿರುವಾಗ ಮಾತ್ರ. ಬ್ಯಾಟರಿ ಚೆನ್ನಾಗಿದ್ದೂ ತುಂಬ ಹೊತ್ತು ಸೆಲ್ಫ್ ಹೊಡೆಸಿಕೊಂಡರೆ ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ಇಳಿದಿರಬಹುದು, ತಣ್ಣನೆಯ ಎಂಜಿನ್ನನ್ನು ಒಳಗಿನಿಂದ ಕಾಯಿಸುವ ಗ್ಲೋ ಪ್ಲಗ್ ಸತ್ತಿರಬಹುದು, ಇಲ್ಲವೇ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಸ್ಟಾರ್ಟ್ ಆದ ಕ್ಷಣ ಒಂದಿಷ್ಟು ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಅದು ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ, ಸಿಹಿಯಾದ ವಾಸನೆಯೂ ಇದ್ದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಸಿಲಿಂಡರಿನೊಳಗೆ ಹೋಗುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟವಾದ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್‌ನಿಂದ ಹಿಡಿದು ಇಂಜೆಕ್ಟರ್, ಟರ್ಬೊ ತನಕ ಯಾವುದಾದರೂ ಕಾರಣವಿರಬಹುದು.

ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಸಡಿಲ ಮಾಡಿ, ತೆಗೆಯದೆ ಹಾಗೆಯೇ ಬಾಯಿಯ ಮೇಲೆ ಇಡಿ. ಮುಚ್ಚಳ ಸಣ್ಣಗೆ ನಡುಗುತ್ತ ಕುಳಿತರೆ ಸರಿ. ಕುಣಿದು ಪಕ್ಕಕ್ಕೆ ಬಿದ್ದರೆ, ತೆಗೆದಾಗ ಉಗಿಬಂಡಿಯಂತೆ ಫಕ್ ಫಕ್ ಎಂದು ಹೊಗೆ ಬಂದರೆ, ಪಿಸ್ಟನ್ ರಿಂಗ್ ದಾಟಿ ಗ್ಯಾಸ್ ಕೆಳಗೆ ಇಳಿಯುತ್ತಿದೆ; ಆ ಎಂಜಿನ್ ಇಂದಲ್ಲ ನಾಳೆ ಬಿಚ್ಚಲೇಬೇಕಾದದ್ದು. ಎಂಜಿನ್ ಆರಿಸಿ ಡಿಪ್‌ಸ್ಟಿಕ್ ಎಳೆದು ನೋಡುವಾಗ ಆಯಿಲ್ ಕಪ್ಪಾಗಿರುವುದಕ್ಕೆ ಹೆದರಬೇಡಿ, ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಹೆದರಬೇಕಾದದ್ದು ಆಯಿಲಿಗೆ ನೀರು ಸೇರಿ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ. ಜೇನಿನಂತೆ ಫಳಫಳಿಸುವ ಹೊಚ್ಚ ಹೊಸ ಆಯಿಲ್ ಕಂಡರೂ ಏಕೆ ಈಗ ಬದಲಿಸಿದಿರಿ ಎಂದು ಕೇಳುವುದು ಒಳ್ಳೆಯದು, ಏಕೆಂದರೆ ಹೊಗೆಯನ್ನೂ ಸದ್ದನ್ನೂ ಕೆಲವು ದಿನ ಅಡಗಿಸಲು ದಪ್ಪ ಆಯಿಲ್ ತುಂಬುವ ಅಭ್ಯಾಸ ಬಹಳ ಹಳೆಯದು.

ಇಲ್ಲಿ ಗಾಡಿಯಿಂದ ಗಾಡಿಗೆ ಅಳತೆ ಬೇರೆ. ಬೊಲೆರೊ ಪಿಕಪ್‌ನ ಎಂಜಿನ್ ನಾಲ್ಕು ಸಿಲಿಂಡರಿನ 2,523 ಸಿಸಿಯದು. 2005ರಲ್ಲಿ ಬಂದ ಮೊದಲ ತಲೆಮಾರಿನ ಟಾಟಾ ಏಸ್‌ನದು ಎರಡೇ ಸಿಲಿಂಡರಿನ 702 ಸಿಸಿ. ದೊಡ್ಡ ಎಂಜಿನ್ ಎರಡು ಲಕ್ಷ ಓಡಿದ್ದಕ್ಕೂ, ಚಿಕ್ಕ ಎಂಜಿನ್ ಮೈತುಂಬ ಲೋಡ್ ಹೊತ್ತು ಎರಡು ಲಕ್ಷ ಓಡಿದ್ದಕ್ಕೂ ಒಂದೇ ಬೆಲೆ ಕಟ್ಟಬಾರದು. ಏಸ್ ಅಷ್ಟು ಓಡಿದ್ದರೆ ಎಂಜಿನ್ ಒಮ್ಮೆಯಾದರೂ ಬಿಚ್ಚಿದ್ದಾರೆಯೇ, ಬಿಚ್ಚಿದ್ದರೆ ಬಿಲ್ ಎಲ್ಲಿ ಎಂದು ನೇರವಾಗಿ ಕೇಳಿ. ಕಾಮನ್ ರೈಲ್ ಇಂಜೆಕ್ಷನ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಇಂಜೆಕ್ಟರ್‌ಗಳ ರಿಟರ್ನ್ ಟೆಸ್ಟ್ ಮಾಡಿಸದೆ ವ್ಯಾಪಾರ ಮುಗಿಸಬೇಡಿ: ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಚಿಕ್ಕ ಬಾಟಲಿ ಸಿಕ್ಕಿಸಿ ಒಂದೆರಡು ನಿಮಿಷ ಎಂಜಿನ್ ಓಡಿಸಿದರೆ, ಸೋರುವ ಇಂಜೆಕ್ಟರಿನ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೆ. ಅರ್ಧ ಗಂಟೆಯ ಕೆಲಸ. ಇಂಜೆಕ್ಟರ್ ಒಂದರ ಬೆಲೆ ಕೇಳಿದವರಿಗೆ ಈ ಅರ್ಧ ಗಂಟೆಯ ಬೆಲೆ ಗೊತ್ತಾಗುತ್ತದೆ.

ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಾಡಿಗಳಲ್ಲಿ ನಾನು ಎಷ್ಟೋ ಸಲ ಕಂಡಿರುವುದು ಕೂಲೆಂಟಿನ ಬದಲು ಬೋರ್‌ವೆಲ್ ನೀರು. ಗಡಸು ನೀರು ಕುದಿದು ಕುದಿದು ರೇಡಿಯೇಟರಿನ ಕೊಳವೆಗಳೊಳಗೆ ಇಡ್ಲಿ ಪಾತ್ರೆಯ ತಳದಲ್ಲಿ ಕಟ್ಟುವಂಥದ್ದೇ ಬಿಳಿ ಪೊರೆ ಕಟ್ಟಿರುತ್ತದೆ; ಖಾಲಿ ಓಡಿಸಿ ನೋಡುವಾಗ ಏನೂ ತಿಳಿಯುವುದಿಲ್ಲ, ಲೋಡ್ ಹೊತ್ತು ಘಾಟಿ ಏರುವಾಗ ಮುಳ್ಳು ಕೆಂಪಿಗೆ ಹೋಗುತ್ತದೆ. ಮುಚ್ಚಳ ತೆಗೆದು ಬೆರಳು ಆಡಿಸಿದಾಗ ಬಿಳಿ ಪುಡಿಯೋ ತುಕ್ಕಿನ ಕೆಸರೋ ಅಂಟಿದರೆ ರೇಡಿಯೇಟರ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಎಣ್ಣೆಯ ಜಿಡ್ಡು ತೇಲುತ್ತಿದ್ದರೆ, ಅಥವಾ ಸ್ಟಾರ್ಟ್ ಮಾಡಿದ ಮೇಲೆ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ತಿಳಿಯಬೇಕು.

ಇನ್ನು ಚಾಸಿ. ಎಂಜಿನ್ ಕೆಟ್ಟರೆ ಹಣ ಖರ್ಚು ಮಾಡಿ ರಿಪೇರಿ ಮಾಡಿಸಬಹುದು. ಚಾಸಿ ಸೀಳಿದ ಗಾಡಿಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ನಾನು ಮುಟ್ಟುವುದಿಲ್ಲ. ಒಂದು ಹಳೆಯ ಗೋಣಿಚೀಲ, ಒಂದು ಟಾರ್ಚ್, ಒಂದು ಸ್ಕ್ರೂ ಡ್ರೈವರ್ ಜೊತೆಗಿರಲಿ. ಗೋಣಿಚೀಲ ಹಾಸಿ ಮಲಗಿ ಹಿಂದಿನಿಂದ ಮುಂದಕ್ಕೆ ನೋಡುತ್ತ ಬನ್ನಿ. ಬಿರುಕು ಹುಟ್ಟುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಹಿಂದಿನ ಲೀಫ್ ಸ್ಪ್ರಿಂಗ್ ಅನ್ನು ಚಾಸಿಗೆ ಕಟ್ಟುವ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ನಿನ ಬೆನ್ನಿಗೂ ಲೋಡ್ ಬಾಡಿಗೂ ನಡುವಿನ ಸಂದಿಯಲ್ಲಿ, ಅಡ್ಡ ಪಟ್ಟಿಗಳು ಉದ್ದದ ತೊಲೆಗೆ ಸೇರುವಲ್ಲಿ. ಕಂಪನಿಯ ವೆಲ್ಡಿಂಗ್ ಒಂದೇ ಸಮನಾಗಿ ಓಡಿರುತ್ತದೆ, ರೋಡ್‌ಸೈಡ್ ವೆಲ್ಡಿಂಗ್ ಗುಡ್ಡೆ ಗುಡ್ಡೆಯಾಗಿ ಕೂತಿರುತ್ತದೆ. ಕೈಯಾಡಿಸಿದರೆ ಕತ್ತಲೆಯಲ್ಲೂ ವ್ಯತ್ಯಾಸ ತಿಳಿಯುತ್ತದೆ. ಒಮ್ಮೆ ನಾನು ನೋಡಿದ ಪಿಕಪ್ಪಿನ ಚಾಸಿಗೆ ಆಗಷ್ಟೇ ಕಪ್ಪು ಬಣ್ಣ ಹೊಡೆದಿದ್ದರು, ಎಡಗಡೆ ಬ್ರಾಕೆಟ್ಟಿನ ಹತ್ತಿರ ಮಾತ್ರ ಬಣ್ಣ ದಪ್ಪವಾಗಿತ್ತು. ಸ್ಕ್ರೂ ಡ್ರೈವರಿನಿಂದ ಕೆರೆದಾಗ ಬಣ್ಣದ ಕೆಳಗೆ ಬಾಡಿ ಪುಟ್ಟಿ, ಪುಟ್ಟಿಯ ಕೆಳಗೆ ಅಂಗೈ ಅಗಲದ ಕಬ್ಬಿಣದ ತೇಪೆ ಸಿಕ್ಕಿತು. ಮಾರುವವರು ‘ಅದು ಸ್ಟ್ರಾಂಗ್ ಇರಲಿ ಅಂತ ಹಾಕಿಸಿದ್ದು’ ಎಂದರು. ಸ್ಟ್ರಾಂಗ್ ಇದ್ದ ಚಾಸಿಗೆ ಒಂದು ಕಡೆ ಮಾತ್ರ ತೇಪೆ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಚಹಾ ಬಂತು, ಉತ್ತರ ಬರಲಿಲ್ಲ.

ಅಲ್ಲೇ ಮಲಗಿರುವಾಗ ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸಿ, ಎಡಬಲ ಹೋಲಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪಟ್ಟಿ ಹೆಚ್ಚಿಗೆ ಸೇರಿಸಿದ್ದರೆ ಗಾಡಿ ಓವರ್‌ಲೋಡ್ ಹೊಡೆದಿದೆ ಎಂದು ಅದೇ ಒಪ್ಪಿಕೊಂಡಂತೆ. ಆ ಭಾರವನ್ನು ಪಟ್ಟಿ ಮಾತ್ರ ಹೊತ್ತಿರುವುದಿಲ್ಲ, ಆಕ್ಸಲ್, ವೀಲ್ ಬೇರಿಂಗ್, ಬ್ರೇಕ್, ಕ್ಲಚ್ ಎಲ್ಲವೂ ಹೊತ್ತಿರುತ್ತವೆ. ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಒಂದು ಕಡೆ ಸರಿದು, ಗಾಡಿ ನಾಯಿ ಓಡಿದಂತೆ ಓರೆಯಾಗಿ ಓಡುತ್ತದೆ. ಇದನ್ನು ಕಂಡುಹಿಡಿಯಲು ಗ್ಯಾರೇಜ್ ಬೇಕಿಲ್ಲ. ಒಣಗಿದ ಸಿಮೆಂಟ್ ರಸ್ತೆಯ ಮೇಲೆ ಒಂದು ಬಕೆಟ್ ನೀರು ಚೆಲ್ಲಿ, ನಾಲ್ಕೂ ಚಕ್ರ ಒದ್ದೆಯಾಗುವಂತೆ ಅದರ ಮೇಲಿಂದ ನೇರವಾಗಿ ಓಡಿಸಿ, ಹಿಂದೆ ನಿಂತು ಗುರುತು ನೋಡಿ. ಮುಂದಿನ ಚಕ್ರದ ಗೆರೆಗೂ ಹಿಂದಿನ ಚಕ್ರದ ಗೆರೆಗೂ ಇರುವ ಅಂತರ ಎಡಕ್ಕೂ ಬಲಕ್ಕೂ ಒಂದೇ ಆಗಿರಬೇಕು. ಒಂದು ಬದಿಯಲ್ಲಿ ಹಿಂದಿನ ಗೆರೆ ಹೊರಗೆ ಬಂದು ಇನ್ನೊಂದು ಬದಿಯಲ್ಲಿ ಒಳಗೆ ಹೋಗಿದ್ದರೆ, ಅದೃಷ್ಟವಿದ್ದರೆ ಸೆಂಟರ್ ಬೋಲ್ಟ್, ಇಲ್ಲದಿದ್ದರೆ ಅಪಘಾತದಲ್ಲಿ ತಿರುಚಿದ ಚಾಸಿ.

ಟೈರುಗಳ ವಿಷಯ ಬೇಗ ಮುಗಿಯುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಮುಂದಿನ ಟೈರ್ ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸ್ಟೇರಿಂಗ್ ಕೀಲುಗಳನ್ನು ನೋಡಬೇಕು. ಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ವೀಲ್ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಪಕ್ಕಕ್ಕೆ ಆಟ ಕಂಡರೆ ಟೈ ರಾಡ್.

ಓಡಿಸಿ ನೋಡುವಾಗ ಹೆಚ್ಚಿನವರು ಮಾಡುವ ತಪ್ಪೆಂದರೆ ಖಾಲಿ ಗಾಡಿಯನ್ನು ಚಪ್ಪಟೆ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಇಳಿಯುವುದು. ಪಿಕಪ್ ಇರುವುದೇ ಲೋಡ್ ಹೊರಲು. ಹತ್ತಿರದ ಸಿಮೆಂಟ್ ಅಂಗಡಿಯಿಂದ ಸಾಧ್ಯವಾದರೆ ಹದಿನೈದು ಇಪ್ಪತ್ತು ಚೀಲ ಹೇರಿಸಿಕೊಂಡು ಒಂದು ಏರು ಹತ್ತಿಸಿ. ಅಂಗಡಿಯವರ ಡೆಲಿವರಿ ಒಂದಿದ್ದರೆ ಅದನ್ನೇ ಮುಗಿಸಿಕೊಟ್ಟರೂ ಆಯಿತು. ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಹಿಂದಕ್ಕೆ ಜಾರುತ್ತದೆಯೇ ನೋಡಿ, ಅಲ್ಲಿಂದಲೇ ಮೊದಲ ಗೇರಿನಲ್ಲಿ ಎತ್ತಿ. ಎಂಜಿನ್ ಸದ್ದು ಏರಿಯೂ ಗಾಡಿ ಏಳಲು ತಡಮಾಡಿದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಜಾರಿನಲ್ಲಿ ಎರಡು, ಮೂರನೇ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಗೇರ್ ತಾನೇ ಹೊರಗೆ ಜಿಗಿದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸವಿದೆ. ಎಳೆಯುವಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರದಲ್ಲಿ ಹಿಂದಿನಿಂದ ‘ಊಂ’ ಎನ್ನುವ ಕೂಗು ಬಂದರೆ ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್. ಗಾಡಿ ಎತ್ತುವ ಕ್ಷಣದಲ್ಲಿ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅದು ದೊಡ್ಡ ಖರ್ಚಲ್ಲ. ಬ್ರೇಕ್ ಬೂಸ್ಟರ್ ನೋಡಲು ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಹಾಗೆಯೇ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು.

2020ರ ಏಪ್ರಿಲ್ 1ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಬಿಗಿ ಮಾನದಂಡದ) ಗಾಡಿಗಳಲ್ಲಿ ಎಂಜಿನ್ ಚೆಕ್ ಲೈಟನ್ನು ವಿಶೇಷವಾಗಿ ಗಮನಿಸಬೇಕು. ಕೀ ಆನ್ ಮಾಡಿದಾಗ ಆ ದೀಪ ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವೆಂದರೆ ಗಾಡಿ ಆರೋಗ್ಯವಾಗಿದೆ ಎಂದಲ್ಲ, ದೀಪವನ್ನೇ ಯಾರೋ ಕುರುಡು ಮಾಡಿರಬಹುದು. ಈ ಗಾಡಿಗಳ ಸೈಲೆನ್ಸರ್ ಕಡೆಯ ಉಪಕರಣಗಳು ದುಬಾರಿ. ಅವನ್ನು ಕಿತ್ತುಹಾಕಿ ಓಡಿಸುತ್ತಿದ್ದರೆ ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯ ಎನ್ನುವ ಫಿಟ್ನೆಸ್ ಸರ್ಟಿಫಿಕೇಟಿಗೆ) ಹೋದಾಗ ನಿಮ್ಮ ತಲೆಗೆ ಬರುತ್ತದೆ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬನನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ಆದರೆ ಅವನು ನಿಮ್ಮ ಮೆಕ್ಯಾನಿಕ್ ಆಗಿರಲಿ. ‘ನಮ್ಮ ಹುಡುಗ ಇದಾನೆ, ಅವನೇ ನೋಡ್ತಾನೆ’ ಎಂದು ಮಾರುವವರು ತೋರಿಸುವವನು ಬೇಡ.

ಗಾಡಿ ಒಪ್ಪಿಗೆಯಾದರೂ ಕಾಗದಪತ್ರ ನೋಡುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು. ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, ಏಸ್ ಯಾವುದೇ ಇರಲಿ, ಬಹುಪಾಲು ಸಾಲದ ಮೇಲೆಯೇ ರಸ್ತೆಗೆ ಇಳಿದಿರುತ್ತವೆ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಇದ್ದರೆ, ಸಾಲ ತೀರಿದೆ ಎಂಬ ಬಾಯಿಮಾತು ಸಾಲದು; ಫೈನಾನ್ಸ್‌ನವರ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಬೇಕಾದ, ಸಹಿ ಮಾಡಿದ 35ನೇ ನಮೂನೆ ಕೈಗೆ ಬರಬೇಕು. ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಲೋಹದ ಮೇಲೆ ನೀವೇ ಓದಿ ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಅಂಕಿಗಳ ಸುತ್ತ ಉಜ್ಜಿದ ಗುರುತಿದ್ದರೆ ಚಹಾ ಕುಡಿಯದೆ ಎದ್ದು ಬನ್ನಿ. ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ವಿಮೆ, ತೆರಿಗೆ ಎಲ್ಲಿಯವರೆಗೆ ಇವೆ ಎಂಬುದು ತಿಳಿಯುತ್ತದೆ. ಬಾಕಿ ದಂಡಗಳನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ನಗರದಲ್ಲಿ ಓಡಿದ ಪಿಕಪ್‌ಗಳ ಮೇಲೆ ನೋ ಎಂಟ್ರಿ, ನೋ ಪಾರ್ಕಿಂಗ್ ಕೇಸುಗಳು ಮಾಲೀಕನಿಗೇ ಗೊತ್ತಿಲ್ಲದಷ್ಟು ಸೇರಿಕೊಂಡಿರುತ್ತವೆ.

ಎಫ್‌ಸಿಯ ಲೆಕ್ಕ ಹಳೆಯ ಗಾಡಿಗೆ ಮುಖ್ಯ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಹದಿನೈದು ವರ್ಷ ದಾಟಿದರೆ ಅದರ ಶುಲ್ಕವೂ ಬಹಳ ಏರುತ್ತದೆ. ಎಂಟು ವರ್ಷ ತುಂಬಲಿರುವ ಗಾಡಿ, ಎಫ್‌ಸಿ ಮುಗಿಯಲು ಒಂದು ತಿಂಗಳು ಬಾಕಿ ಎಂದರೆ ಅದರ ಅಗ್ಗದ ಬೆಲೆಯ ಗುಟ್ಟು ಅಲ್ಲೇ ಇದೆ; ಮಾರುವವರೇ ಎಫ್‌ಸಿ ಮಾಡಿಸಿ ಕೊಡಲಿ ಎನ್ನುವುದು ಒಳ್ಳೆಯ ಷರತ್ತು. ಪರ್ಮಿಟ್ ವಿಷಯದಲ್ಲಿ ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕವನ್ನು ನೋಡಿ: ಲೋಡ್ ಸೇರಿ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿ ವಿನಾಯಿತಿ ಇದೆ, ಅದಕ್ಕಿಂತ ಹೆಚ್ಚಿದ್ದರೆ ಪರ್ಮಿಟ್ ಬೇಕು. ಹೊರರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಹೋಗುವವರು ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರ್ ಇಷ್ಟನ್ನೂ ಬೆಲೆಗೆ ಕೂಡಿಸಿ ನೋಡಿದರೆ ಅಗ್ಗ ಎಷ್ಟು ಉಳಿಯಿತು ಎಂಬುದು ಗೊತ್ತಾಗುತ್ತದೆ.

ಬೆಲೆ ಮಾತಾಡುವಾಗ ಪೂರ್ತಿ ಹಣವನ್ನು ಗಾಡಿಗೇ ಸುರಿಯಬೇಡಿ. ಎರಡು ಲಕ್ಷ ಓಡಿದ ಗಾಡಿ ಎಷ್ಟೇ ಚೆನ್ನಾಗಿದ್ದರೂ ಮೊದಲ ತಿಂಗಳಲ್ಲಿ ಎಲ್ಲ ಆಯಿಲ್, ಫಿಲ್ಟರ್, ಬೆಲ್ಟ್, ಕೂಲೆಂಟ್, ಬ್ರೇಕ್ ಲೈನರ್ ಬದಲಿಸಿಬಿಡುವುದು ಒಳ್ಳೆಯದು. ಕ್ಲಚ್ ಮತ್ತು ಎರಡು ಟೈರ್ ಸೇರಿದರೆ ಮೊತ್ತ ಇನ್ನೂ ಬೆಳೆಯುತ್ತದೆ. ನಾನು ಗಾಡಿಯ ಬೆಲೆಯ ಏಳನೇ ಒಂದು ಭಾಗವನ್ನು ಇದಕ್ಕೆಂದು ಬೇರೆ ಇಡುತ್ತೇನೆ. ಇದು ನನ್ನ ಕೈ ಸುಟ್ಟುಕೊಂಡು ಕಲಿತ ಅಂದಾಜು, ಶಾಸ್ತ್ರವೇನಲ್ಲ.

ವ್ಯಾಪಾರ ಕುದುರಿದ ದಿನ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿಯನ್ನು ನಿಮ್ಮ ಮುಂದೆಯೇ ಮಾಡಿಸಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ಮಾರಿದವರು ರಾಜ್ಯದೊಳಗೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಕಾಯ್ದೆಯ 50ನೇ ಕಲಮು ಹೇಳುತ್ತದೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಇರುವುದೂ 14 ದಿನ. ಹಳೆಯ ಫಾಸ್ಟ್ಯಾಗ್ ಹಿಂದಿನ ಮಾಲೀಕರ ಖಾತೆಗೆ ಅಂಟಿರುವುದರಿಂದ ಅದನ್ನು ಅವರೇ ಮುಚ್ಚಿಸಬೇಕು, ನೀವು ಹೊಸದನ್ನು ಹಾಕಿಸಬೇಕು. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆಗೆ ಗಂಟೆ ನಿಮಿಷವನ್ನೂ ಬರೆಸಿ: ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ, ಮೀಟರ್ 2,14,630 ಇದ್ದಾಗ, ಎರಡು ಕೀಲಿ, ಒಂದು ಸ್ಟೆಪ್ನಿ, ಒಂದು ಜಾಕ್ ಸಮೇತ ಗಾಡಿ ಕೈಬದಲಾಯಿತು ಎಂದು. ಅದೇ ದಿನ ಬೆಳಗ್ಗೆ 10 ಗಂಟೆಗೆ ಯಾವುದೋ ಸಿಗ್ನಲ್ ಹಾರಿದ ಫೋಟೋ ಮುಂದಿನ ವಾರ ಬಂದರೆ, ಆ ದಂಡ ಯಾರ ಲೆಕ್ಕಕ್ಕೆ ಎಂದು ಜಗಳವಾಡಬೇಕಾಗುವುದಿಲ್ಲ.